ಮೂರನೆಯ ಯತ್ನ: ಪಾಲ್ ಆ್ಯಂಡರ್ಸನ್ ಪರಿಚಯ

ಅಮೆರಿಕದ ವರ್ಜೀನಿಯಾ ರಾಜ್ಯದ ಸೆಂಟರ್‌ವಿಲ್‌ಗೆ ಹೊಸದಾಗಿ ಬಂದವರಿಗೆ 29ನೇ ನಂಬರಿನ ರಸ್ತೆ ಎಂದರೆ ಸಂಜೆಯ ಟ್ರಾಫಿಕ್ಕು, ಅಷ್ಟೆ. ಆದರೆ ಅದೇ ರಸ್ತೆ ಹಿಡಿದು ದಕ್ಷಿಣಕ್ಕೆ ಹೋಗುತ್ತಲೇ ಇದ್ದರೆ ಎರಡೂ ಕ್ಯಾರೊಲೈನಾ ದಾಟಿ ಅಟ್ಲಾಂಟ ತಲುಪಬಹುದು. ನಡುವೆ ದಕ್ಷಿಣ ಕ್ಯಾರೊಲೈನಾದ ಗ್ರೀನ್‌ವಿಲ್‌ನಲ್ಲಿ 123ನೇ ರಸ್ತೆಗೆ ಹೊರಳಿದರೆ, ಜಾರ್ಜಿಯಾದ ಗಡಿ ದಾಟಿದ ಮೇಲೆ ಟೊಕೋವಾ ಎಂಬ ಸಣ್ಣ ಊರು ಸಿಗುತ್ತದೆ. 1932ರ ಅಕ್ಟೋಬರ್ 17ರಂದು ಪಾಲ್ ಆ್ಯಂಡರ್ಸನ್ ಹುಟ್ಟಿದ್ದು ಅಲ್ಲಿ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ವೇಟ್‌ಲಿಫ್ಟಿಂಗ್‌ನ ಹೆವಿವೇಟ್ ಚಿನ್ನ ಗೆದ್ದವರು ಅವರೇ. ಅತಿ ಭಾರದ ಪುರುಷರ ಆ ವರ್ಗದಲ್ಲಿ ಅಮೆರಿಕಕ್ಕೆ ಮತ್ತೆ ಒಲಿಂಪಿಕ್ ಚಿನ್ನ ಬಂದಿಲ್ಲ.

ಅವರ ಬದುಕಿಗೆ ಹೋಗುವ ಮುನ್ನ ಈ ಆಟ ಹೇಗೆ ನಡೆಯುತ್ತದೆ ಎಂದು ಸ್ವಲ್ಪ ನೋಡೋಣ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವುದನ್ನು ನೋಡಿದವರಿಗೆ ಅರ್ಧ ಗೊತ್ತಿದ್ದಂತೆಯೇ. ಇನ್ನರ್ಧ ಲೆಕ್ಕ. ಈಗಿನ ವೇಟ್‌ಲಿಫ್ಟಿಂಗ್‌ನಲ್ಲಿ ಎರಡು ಬಗೆ. ಬಾರನ್ನು ನೆಲದಿಂದ ಒಂದೇ ಓಟಕ್ಕೆ ತಲೆಯ ಮೇಲೆ ಒಯ್ಯುವುದು ಸ್ನ್ಯಾಚ್. ಮೊದಲು ಹೆಗಲ ಮಟ್ಟಕ್ಕೆ ತಂದು, ಉಸಿರು ತೆಗೆದುಕೊಂಡು, ಆಮೇಲೆ ಮೇಲಕ್ಕೆ ಚಿಮ್ಮಿಸುವುದು ಕ್ಲೀನ್ ಅಂಡ್ ಜರ್ಕ್. ಆ್ಯಂಡರ್ಸನ್ ಕಾಲದಲ್ಲಿ ಪ್ರೆಸ್ ಎಂಬ ಮೂರನೆಯದೂ ಇತ್ತು: ಹೆಗಲಿನಿಂದ ಮೇಲಕ್ಕೆ, ಕಾಲಿನ ಸಹಾಯವಿಲ್ಲದೆ, ಬರೀ ತೋಳ್ಬಲದಿಂದ. ಬರಬರುತ್ತಾ ಎಲ್ಲರೂ ಬೆನ್ನನ್ನು ಹಿಂದಕ್ಕೆ ಬಾಗಿಸತೊಡಗಿದರು. ಯಾವುದು ಸರಿ, ಯಾವುದು ತಪ್ಪು ಎಂದು ತೀರ್ಪುಗಾರರಿಗೇ ತಿಳಿಯದಾಯಿತು. 1972ರ ನಂತರ ಪ್ರೆಸ್ ತೆಗೆದುಹಾಕಿದರು. ಒಳ್ಳೆಯದೇ ಆಯಿತು.

ಒಂದೊಂದು ಬಗೆಗೂ ಮೂರು ಯತ್ನ. ಅದರಲ್ಲಿ ಅತ್ಯುತ್ತಮವಾದುದನ್ನು ತೆಗೆದುಕೊಂಡು ಕೂಡುತ್ತಾರೆ. ಯಾವುದಾದರೂ ಒಂದು ಬಗೆಯಲ್ಲಿ ಮೂರೂ ತಪ್ಪಿದರೆ ಒಟ್ಟು ಮೊತ್ತವೇ ಇಲ್ಲ, ಒಲಿಂಪಿಕ್ಸ್‌ನಲ್ಲಿ ಪದಕವೂ ಇಲ್ಲ. ಸ್ಪರ್ಧೆ ಮೈತೂಕದ ವರ್ಗಗಳಲ್ಲಿ ನಡೆಯುತ್ತದೆ. ಕುಂದಾಪುರ ತಾಲ್ಲೂಕಿನ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕೆಜಿ ವರ್ಗದ ಬೆಳ್ಳಿ ಗೆದ್ದಾಗ ಎತ್ತಿದ್ದು ಒಟ್ಟು 249 ಕೆಜಿ. ಅದನ್ನು ಹೆವಿವೇಟ್‌ನವರ ಪಕ್ಕದಲ್ಲಿಟ್ಟು ಅಳೆಯುವುದು ಅನ್ಯಾಯ.

ಆ್ಯಂಡರ್ಸನ್ ಬಾಲ್ಯದಲ್ಲೇ ಮೂತ್ರಪಿಂಡದ ಕಾಯಿಲೆಯಿಂದ ನರಳಿದವರು. ಫುಟ್‌ಬಾಲ್ ಆಡುತ್ತಾ ಗ್ರೀನ್‌ವಿಲ್‌ನ ಫರ್ಮನ್ ವಿಶ್ವವಿದ್ಯಾಲಯ ಸೇರಿದರು, ಬೇಗನೆ ಬಿಟ್ಟರು. ಆಮೇಲೆ ಮನೆಯವರ ಜೊತೆ ಟೆನೆಸೀ ರಾಜ್ಯದ ಎಲಿಜಬೆತ್‌ಟನ್‌ಗೆ ಬಂದಾಗ ಬಾಬ್ ಪೀಪಲ್ಸ್ ಪರಿಚಯವಾಯಿತು. ಪೀಪಲ್ಸ್ ಬೇಸಾಯಗಾರ, ನೆಲದಿಂದ ಭಾರ ಎತ್ತುವುದರಲ್ಲಿ ಆ ಕಾಲದ ಹೆಸರುವಾಸಿ. ಪಾಲ್ ಅವರ ಅಭ್ಯಾಸ ಹಿತ್ತಲಲ್ಲೇ: ಗುಜರಿ ಕಬ್ಬಿಣ, ಗಾಡಿ ಚಕ್ರ, ಕಾಂಕ್ರೀಟ್ ತುಂಬಿದ ಪೀಪಾಯಿ. ನೆಲದಲ್ಲಿ ಗುಂಡಿ ತೋಡಿ ಅದರೊಳಗೆ ನಿಂತು, ಹೆಗಲಿಗೆ ತಾಗುವಷ್ಟು ಎತ್ತರದಲ್ಲಿದ್ದ ಭಾರಕ್ಕೆ ಹೆಗಲು ಕೊಟ್ಟು ಒಂದಿಷ್ಟು ಮಾತ್ರ ಮೇಲೇಳುವುದು. ಅದು ಸಲೀಸಾದ ಮೇಲೆ ಗುಂಡಿಗೆ ಒಂದಿಷ್ಟು ಮಣ್ಣು ಹಾಕುವುದು. ನಿಲ್ಲುವ ನೆಲ ಮೇಲೇರಿದಷ್ಟೂ ಹೆಚ್ಚು ಬಗ್ಗಿ ಏಳಬೇಕು. ಗುಂಡಿ ತುಂಬುವ ಹೊತ್ತಿಗೆ ಪೂರ್ತಿ ಬಸ್ಕಿ ಹೊಡೆಯುವ ಶಕ್ತಿ ಬಂದಿರುತ್ತದೆ. ಕೋಚಿಂಗ್ ಪುಸ್ತಕಗಳಲ್ಲಿ ಇಷ್ಟು ಸರಳವಾದ ಉಪಾಯ ಸಿಗುವುದು ಅಪರೂಪ.

1955ರಲ್ಲಿ, ಶೀತಲ ಸಮರದ ನಡುವೆ, ಅಮೆರಿಕದ ತಂಡ ಮಾಸ್ಕೋಗೆ ಹೋಯಿತು. ಐದಡಿ ಒಂಬತ್ತಂಗುಲದ ಈ ದುಂಡು ಮನುಷ್ಯನನ್ನು ನೋಡಿ ಜನ ನಕ್ಕರಂತೆ. ಪ್ರೆಸ್‌ನಲ್ಲಿ ರಷ್ಯದ ಮೆಡ್ವೆಡೆವ್ 150 ಕೆಜಿ ಎತ್ತಿದರು. ಆ್ಯಂಡರ್ಸನ್ 182.5 ಎತ್ತಿದರು. ಪ್ರಕೃತಿಯ ಪವಾಡ ಎಂಬ ಬಿರುದು ಕೊಟ್ಟವರು ರಷ್ಯನ್ನರೇ. ಅದೇ ವರ್ಷ ಮ್ಯೂನಿಕ್‌ನಲ್ಲಿ 512.5 ಕೆಜಿ ಎತ್ತಿ ವಿಶ್ವ ಚಾಂಪಿಯನ್ ಆದರು.

ಹೀಗಾಗಿ ಮೆಲ್ಬರ್ನ್‌ನಲ್ಲಿ ಅವರು ಸುಲಭವಾಗಿ ಗೆಲ್ಲುತ್ತಾರೆ ಎಂದೇ ಎಲ್ಲರ ಎಣಿಕೆ. ಆದರೆ ಕಿವಿಯ ಸೋಂಕು, ಮೈ ಸುಡುವ ಜ್ವರ. ಪ್ರೆಸ್‌ನಲ್ಲಿ ಅರ್ಜೆಂಟೀನಾದ ಉಂಬರ್ಟೊ ಸೆಲ್ವೆಟ್ಟಿ 175 ಎತ್ತಿದರೆ ಇವರದು 167.5. ಸ್ನ್ಯಾಚ್‌ನಲ್ಲಿ ಇಬ್ಬರದೂ 145. ಕೊನೆಯದರಲ್ಲಿ ಸೆಲ್ವೆಟ್ಟಿ 180 ಎತ್ತಿ ಒಟ್ಟು 500 ಮಾಡಿ ಕೂತರು. ಈಗ ನೀವೇ ಕೂಡಿ ನೋಡಿ: ಆ್ಯಂಡರ್ಸನ್ ಸಮ ಮಾಡಬೇಕಾದರೆ 187.5 ಬೇಕು. ಸಮವಾದರೆ? ಆಗಿನ ನಿಯಮದ ಪ್ರಕಾರ ಮೈತೂಕ ಕಡಿಮೆ ಇದ್ದವರಿಗೆ ಚಿನ್ನ. ಸೆಲ್ವೆಟ್ಟಿ 143.5, ಆ್ಯಂಡರ್ಸನ್ 137.9. ಜಗತ್ತಿನ ಅತಿ ಬಲಶಾಲಿ ಎನಿಸಿಕೊಂಡವರಿಗೆ ಕೊನೆಗೆ ನೆರವಾದದ್ದು ಮೈ ಇಳಿದಿದ್ದೇ!

ಈಗಿನ ಬಾರ್ ಮೇಲೆ 187.5 ಹೇರಿದರೆ ಹೇಗೆ ಕಾಣುತ್ತದೆ ಗೊತ್ತೇ? ಬಾರ್ 20 ಕೆಜಿ, ಪ್ಲೇಟ್ ಜಾರದಂತೆ ಬಿಗಿಯುವ ಎರಡು ಕಾಲರ್ ಸೇರಿ 5. ಆಮೇಲೆ ಒಂದೊಂದು ಬದಿಗೂ ಮೂರು ಕೆಂಪು ಪ್ಲೇಟು, ತಲಾ 25. ಜೊತೆಗೆ 5ರದೊಂದು, ಒಂದೂಕಾಲು ಕೆಜಿಯದೊಂದು. ಆ್ಯಂಡರ್ಸನ್ ಮೊದಲ ಯತ್ನದಲ್ಲಿ ಸೋತರು, ಎರಡನೆಯದರಲ್ಲೂ ಸೋತರು. ಮೂರನೆಯದು ತಪ್ಪಿದ್ದರೆ ಚಿನ್ನದ ಮಾತು ಹಾಗಿರಲಿ, ಹೆಸರೇ ಪಟ್ಟಿಯಲ್ಲಿ ಉಳಿಯುತ್ತಿರಲಿಲ್ಲ. ಮೂರನೆಯದನ್ನು ಎತ್ತಿದರು.

ಆಮೇಲೆ ಹಣಕ್ಕಾಗಿ ಪ್ರದರ್ಶನ ಕೊಡತೊಡಗಿದ್ದರಿಂದ ಹವ್ಯಾಸಿ ಪಟ್ಟ ಹೋಯಿತು, ಒಲಿಂಪಿಕ್ ಬಾಗಿಲು ಮುಚ್ಚಿತು. 1960ರಲ್ಲಿ ರೋಮ್‌ನ ಚಿನ್ನ ಗೆದ್ದವರು ರಷ್ಯದ ಯೂರಿ ವ್ಲಾಸೊವ್, 537.5 ಕೆಜಿಯೊಂದಿಗೆ. ಆ್ಯಂಡರ್ಸನ್ ಇದ್ದಿದ್ದರೆ ಎಂದು ಅಭಿಮಾನಿಗಳು ಈಗಲೂ ವಾದಿಸುತ್ತಾರೆ. 1957ರಲ್ಲಿ ಟೊಕೋವಾದಲ್ಲಿ ಬೆನ್ನ ಮೇಲೆ 6,270 ಪೌಂಡ್ ಎತ್ತಿದರು ಎಂಬ ಕಥೆ ಇನ್ನೂ ಪ್ರಸಿದ್ಧ. ಗಿನ್ನೆಸ್ ಪುಸ್ತಕದಲ್ಲೂ ಅದು ಬಹುಕಾಲ ಇತ್ತು, ಸಾಕ್ಷ್ಯ ಸಾಲದೆಂದು ಆಮೇಲೆ ತೆಗೆದರು. ನನ್ನ ಮಟ್ಟಿಗೆ ಅವರ ದೊಡ್ಡ ಸಂಖ್ಯೆ 187.5. ಅದನ್ನು ಮೂವರು ತೀರ್ಪುಗಾರರು ಕಣ್ಣಾರೆ ನೋಡಿದ್ದಾರೆ.

1961ರಲ್ಲಿ ಹೆಂಡತಿ ಗ್ಲೆಂಡಾ ಜೊತೆ ಜಾರ್ಜಿಯಾದ ವಿಡೇಲಿಯಾದಲ್ಲಿ, ದಾರಿ ತಪ್ಪಿ ಪೊಲೀಸ್ ಕೋರ್ಟು ಕಂಡ ಹುಡುಗರಿಗಾಗಿ ಒಂದು ವಸತಿಗೃಹ ಕಟ್ಟಿದರು. ಊರೂರು ತಿರುಗಿ ಭಾರ ಎತ್ತಿ ತೋರಿಸಿ ಅದಕ್ಕೆ ಹಣ ತಂದರು. ಬಾಲ್ಯದ ಕಾಯಿಲೆ ಮಾತ್ರ ಬಿಡಲಿಲ್ಲ. 1983ರಲ್ಲಿ ಅಕ್ಕ ಡೊರೊತಿ ತಮ್ಮ ಮೂತ್ರಪಿಂಡವೊಂದನ್ನು ಕೊಟ್ಟರು. 1994ರ ಆಗಸ್ಟ್ 15ರಂದು, 61ನೇ ವಯಸ್ಸಿನಲ್ಲಿ ಆ್ಯಂಡರ್ಸನ್ ತೀರಿಕೊಂಡರು.

ಈ ಆಟವನ್ನು ನೋಡಲು ಶುರುಮಾಡುವವರು ಜಾರ್ಜಿಯಾ ದೇಶದ ಲಾಶಾ ತಲಖಾಡ್ಜೆಯಿಂದ ಆರಂಭಿಸಿ (ಈ ಜಾರ್ಜಿಯಾ ರಷ್ಯದ ಪಕ್ಕದ್ದು). 2021ರಲ್ಲಿ ಅವರು ಎರಡೇ ಬಗೆಯಲ್ಲಿ 225 ಮತ್ತು 267, ಒಟ್ಟು 492 ಎತ್ತಿದರು. ಪ್ಲೇಟು ಎಣಿಸುವುದನ್ನು ಬಿಟ್ಟು ಅವರ ಪಾದಗಳನ್ನು ನೋಡಿ. ಅದನ್ನು ನೋಡಿ ಮನೆಯ ಮಕ್ಕಳಿಗೆ ಆಸೆ ಹುಟ್ಟಿದರೆ ಬೇಡ ಎನ್ನಬೇಡಿ. ಮೊದಲು ಬರೀ ಕೋಲು ಹಿಡಿಸಿ ಕಲಿಸುವ ಕೋಚ್ ಹತ್ತಿರ ಕರೆದೊಯ್ಯಿರಿ. ಮೊದಲ ದಿನವೇ ಪ್ಲೇಟು ಹಾಕಿಸುವವರಾದರೆ ಬೇರೆಯವರನ್ನು ಹುಡುಕಿ.