ಕಡಿಮೆ ಊಟ, ಮುಪ್ಪಿನ ಮೆದುಳು: ಹತ್ತನೆಯ ತರಗತಿಗೆ ಒಂದು ಪಾಠ

ಹತ್ತನೆಯ ತರಗತಿಯ ‘ನಿಯಂತ್ರಣ ಮತ್ತು ಸಹಭಾಗಿತ್ವ’ ಘಟಕದಲ್ಲಿ ಮೆದುಳಿನ ಭಾಗಗಳು ಮತ್ತು ಅವುಗಳ ಕೆಲಸಗಳನ್ನು ಕಲಿಸುತ್ತೇವೆ. ಮಕ್ಕಳು ಅದನ್ನು ದಾಟಿ ಕೇಳುತ್ತಾರೆ. ಅಭ್ಯಾಸ ಬೋಧನೆಯ ಎರಡನೆಯ ವಾರ ಒಬ್ಬ ವಿದ್ಯಾರ್ಥಿನಿ, “ಮಿಸ್, ಕಡಿಮೆ ಊಟ ಮಾಡಿದ್ರೆ ವಯಸ್ಸಾದ್ಮೇಲೂ ಮರೆವು ಬರಲ್ಲ ಅಂತ ಮೊಬೈಲ್‌ನಲ್ಲಿ ನೋಡಿದೆ, ನಿಜಾನಾ?” ಎಂದಳು. ಹೌದು ಎಂದರೂ ತೊಂದರೆ, ಇಲ್ಲ ಎಂದರೂ ತಪ್ಪು. ಅದೇ ತರಗತಿಯಲ್ಲಿ ಬೆಳಿಗ್ಗೆ ಬರೀ ಚಹಾ ಕುಡಿದು ಬರುವವರಿದ್ದರು. ದಪ್ಪಗಾಗುತ್ತೇನೆಂದು ಬಿಸಿಯೂಟವನ್ನು ಅರ್ಧಕ್ಕೇ ಬಿಡುವವರೂ ಇದ್ದರು. ಹಾಗಾಗಿ ಮುಂದಿನ ಅವಧಿಯ 40 ನಿಮಿಷವನ್ನು ಈ ಪ್ರಶ್ನೆಗೇ ಮೀಸಲಿಟ್ಟೆ.

ಪೂರ್ವಜ್ಞಾನಕ್ಕೆ ಒಂದೇ ಅಂಶ ಸಾಕಾಯಿತು: ಮೆದುಳಿನ ತೂಕ ದೇಹದ ತೂಕದ ಸುಮಾರು ಶೇ. 2, ವಿಶ್ರಾಂತಿಯಲ್ಲಿರುವಾಗಲೂ ಅದು ಬಳಸುವುದು ದೇಹದ ಶಕ್ತಿಯ ಸುಮಾರು ಶೇ. 20. ಇಷ್ಟು ಶಕ್ತಿ ಬೇಡುವ ಅಂಗಕ್ಕೆ ಕಡಿಮೆ ಊಟದಿಂದ ಒಳ್ಳೆಯದಾಗುವುದು ಹೇಗೆ ಎಂದು ಮಕ್ಕಳೇ ಕೇಳಿದರು.

ಮೊದಲು ಪದವನ್ನು ಬಿಡಿಸಿಕೊಳ್ಳಬೇಕಿತ್ತು. ವಿಜ್ಞಾನಿಗಳು ಹೇಳುವ ಕ್ಯಾಲೊರಿ ಮಿತಿ ಎಂದರೆ ಪ್ರೋಟೀನು, ವಿಟಮಿನ್ನು, ಖನಿಜಗಳಿಗೆ ಕೊರತೆಯಾಗದಂತೆ ಒಟ್ಟು ಶಕ್ತಿಯನ್ನು ಮಾತ್ರ ತಗ್ಗಿಸುವುದು. ಹಸಿದಿರುವುದು ಬೇರೆ. “ಹಾಗಾದ್ರೆ ನಮ್ಮಜ್ಜಿ ಶನಿವಾರ ಒಪ್ಪತ್ತು ಇರ್ತಾರಲ್ಲ?” ಎಂದ ಹಿಂದಿನ ಬೆಂಚಿನ ಹುಡುಗ. ಒಪ್ಪತ್ತಿನ ರಾತ್ರಿ ಅಜ್ಜಿ ಏನು ತಿನ್ನುತ್ತಾರೆ ಎಂದು ಕೇಳಿದೆ. ಉಪ್ಪಿಟ್ಟು, ಬಾಳೆಹಣ್ಣು, ಒಂದು ಲೋಟ ಹಾಲು. ಊಟದ ಹೊತ್ತು ಕಡಿಮೆಯಾದರೆ ಕ್ಯಾಲೊರಿಯೂ ಕಡಿಮೆಯಾಗಲೇಬೇಕೆಂದಿಲ್ಲ ಎಂಬುದು ತರಗತಿಗೆ ತಾನಾಗಿಯೇ ಹೊಳೆಯಿತು. ನನ್ನ ಪಾಠ ಯೋಜನೆಯಲ್ಲಿ ಇಷ್ಟು ಒಳ್ಳೆಯ ಉದಾಹರಣೆ ಇರಲಿಲ್ಲ.

1935ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಲೈವ್ ಮೆಕೇ ಮತ್ತು ಸಂಗಡಿಗರು, ಕಡಿಮೆ ಕ್ಯಾಲೊರಿಯ ಆಹಾರ ಪಡೆದ ಇಲಿಗಳು ಹೆಚ್ಚು ಕಾಲ ಬದುಕಿದವೆಂದು ವರದಿ ಮಾಡಿದರು. ಇದನ್ನು ಎರಡೇ ವಾಕ್ಯದಲ್ಲಿ ಮುಗಿಸಿ ಕೋತಿಗಳಿಗೆ ಬಂದೆ, ಏಕೆಂದರೆ ಪಾಠದ ಜೀವ ಅಲ್ಲಿದೆ.

ರೀಸಸ್ ಕೋತಿಗಳ ಮೇಲೆ ಅಮೆರಿಕದಲ್ಲಿ ಎರಡು ದೀರ್ಘ ಅಧ್ಯಯನಗಳು ನಡೆದವು. ಒಂದನ್ನು 1987ರಲ್ಲಿ ಅಲ್ಲಿನ ರಾಷ್ಟ್ರೀಯ ಮುಪ್ಪಿನ ಅಧ್ಯಯನ ಸಂಸ್ಥೆ ಆರಂಭಿಸಿತು, ಇನ್ನೊಂದನ್ನು 1989ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ. ಎರಡರಲ್ಲೂ ಒಂದು ಗುಂಪಿಗೆ ಸುಮಾರು ಶೇ. 30 ಕಡಿಮೆ ಕ್ಯಾಲೊರಿ. 2009ರಲ್ಲಿ ವಿಸ್ಕಾನ್ಸಿನ್‌ನವರು, ಕಡಿಮೆ ತಿಂದ ಕೋತಿಗಳಲ್ಲಿ ಮುಪ್ಪಿನ ಕಾಯಿಲೆಗಳೂ ಅವುಗಳಿಂದಾಗುವ ಸಾವುಗಳೂ ಕಡಿಮೆ, ಮೆದುಳಿನ ಕೆಲವು ಭಾಗಗಳಲ್ಲಿ ಬೂದು ದ್ರವ್ಯ ಕುಗ್ಗುವುದೂ ಕಡಿಮೆ ಎಂದು ಪ್ರಕಟಿಸಿದರು. ಮೂರು ವರ್ಷದ ಬಳಿಕ, 2012ರಲ್ಲಿ, ಮೊದಲಿನ ಸಂಸ್ಥೆ ತನ್ನ ಕೋತಿಗಳ ಆಯುಸ್ಸಿನಲ್ಲಿ ಅಂಥ ಲಾಭ ಕಾಣಲಿಲ್ಲ ಎಂದಿತು.

ಇಲ್ಲಿ ನಿಲ್ಲಿಸಿ, ಕಪ್ಪುಹಲಗೆಯ ಮೇಲೆ ಎರಡು ಅಂಕಣ ಎಳೆದು, ಇಬ್ಬರೂ ಸುಳ್ಳು ಹೇಳುತ್ತಿಲ್ಲ ಎಂದಾದರೆ ವ್ಯತ್ಯಾಸ ಎಲ್ಲಿಂದ ಬಂತು ಎಂದು ಗುಂಪುಗಳಿಗೆ ಬಿಟ್ಟೆ. ಕೋತಿಗಳ ಜಾತಿ ಬೇರೆ, ಹವೆ ಬೇರೆ, ತೂಕದ ಯಂತ್ರ ಬೇರೆ ಎಂಬ ಊಹೆಗಳು ಬಂದವು. ಒಂದು ಗುಂಪು ಮಾತ್ರ, “ಜಾಸ್ತಿ ತಿಂದ ಕೋತಿಗಳಿಗೆ ಏನು ಹಾಕ್ತಿದ್ರು?” ಎಂದಿತು. ಆಗ ಮಾಹಿತಿ ಕೊಟ್ಟೆ. ವಿಸ್ಕಾನ್ಸಿನ್‌ನ ಆಹಾರದಲ್ಲಿ ಸಕ್ಕರೆ ಸುಮಾರು ಶೇ. 28; ಇನ್ನೊಂದರಲ್ಲಿ ಸುಮಾರು ಶೇ. 4. ವಿಸ್ಕಾನ್ಸಿನ್‌ನಲ್ಲಿ ಹೋಲಿಕೆಯ ಗುಂಪು ಬೇಕಾದಷ್ಟು ತಿನ್ನಬಹುದಿತ್ತು. ಇನ್ನೊಂದರಲ್ಲಿ ಅವಕ್ಕೂ ಅಳೆದು ಹಾಕುತ್ತಿದ್ದರು. ಅಂದರೆ ಒಂದೆಡೆ ಮಿತಿಯ ಊಟವನ್ನು ಸಿಹಿ ತುಂಬಿದ ಹೊಟ್ಟೆಬಿರಿ ಊಟದ ಜೊತೆಗೆ, ಇನ್ನೊಂದೆಡೆ ಆಗಲೇ ಹದವಾಗಿದ್ದ ಊಟದ ಜೊತೆಗೆ ಹೋಲಿಸಲಾಗಿತ್ತು. ನಿಯಂತ್ರಿತ ಗುಂಪು ಎಂಬ ಪದವನ್ನು ಬಿ.ಎಸ್‌ಸಿ.ಯಲ್ಲಿ ಮೂರು ವರ್ಷ ಬರೆದಿದ್ದೇನೆ. ಅದರ ಅರ್ಥ ಇಷ್ಟು ಚೆನ್ನಾಗಿ ಹಲಗೆಯ ಮೇಲೆ ಕಂಡದ್ದು ಕಡಿಮೆ.

2017ರಲ್ಲಿ ಎರಡೂ ತಂಡಗಳು ಸೇರಿ ಮಾಹಿತಿಯನ್ನು ಮತ್ತೆ ನೋಡಿದವು. ಪ್ರಾಯಕ್ಕೆ ಬಂದ ಮೇಲೆ ಮಿತಿ ಆರಂಭಿಸಿದ ಕೋತಿಗಳಿಗೆ ಲಾಭ ಕಂಡಿತು. ಎಳೆಯ ವಯಸ್ಸಿನಲ್ಲಿ ಆರಂಭಿಸಿದವಕ್ಕೆ ಆಯುಸ್ಸಿನ ಲಾಭ ಕಾಣಲಿಲ್ಲ. ಈ ವಾಕ್ಯವನ್ನು ಹಲಗೆಯ ಮೇಲೆ ದೊಡ್ಡದಾಗಿ ಬರೆದು, ಎಲ್ಲರೂ ಟಿಪ್ಪಣಿ ಪುಸ್ತಕಕ್ಕೆ ಇಳಿಸಿಕೊಳ್ಳುವವರೆಗೆ ಕಾದೆ. ಹದಿನೈದರ ಮಕ್ಕಳ ಮುಂದೆ ಈ ಪಾಠದಲ್ಲಿ ಬೇರೇನು ಬಿಟ್ಟರೂ ಇದನ್ನು ಬಿಡಬಾರದು.

ಮನುಷ್ಯರ ವಿಷಯಕ್ಕೆ ಎರಡು ಅಧ್ಯಯನ ಆರಿಸಿಕೊಂಡೆ. ಜರ್ಮನಿಯ ಮ್ಯುನ್‌ಸ್ಟರ್‌ನಲ್ಲಿ ಸರಾಸರಿ 60 ವರ್ಷದ ಸುಮಾರು 50 ಮಂದಿಯನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಕ್ಯಾಲೊರಿಯನ್ನು ಶೇ. 30ರಷ್ಟು ತಗ್ಗಿಸುವ ಗುರಿ ಕೊಟ್ಟರು. ಮೂರು ತಿಂಗಳ ನಂತರ ಆ ಗುಂಪಿನವರ ಪದ ನೆನಪಿನ ಅಂಕ ಸರಾಸರಿ ಶೇ. 20ರಷ್ಟು ಏರಿತ್ತು, ರಕ್ತದಲ್ಲಿ ಇನ್ಸುಲಿನ್ ಮತ್ತು ಉರಿಯೂತದ ಸೂಚಕ ಹೆಚ್ಚು ಇಳಿದವರಲ್ಲಿ ಸುಧಾರಣೆಯೂ ಹೆಚ್ಚು. 2009ರ ಈ ವರದಿ ಆಸೆ ಹುಟ್ಟಿಸುತ್ತದೆ. ಆದರೆ ಗುಂಪು ಸಣ್ಣದು, ಅವಧಿ ಚಿಕ್ಕದು, ಭಾಗವಹಿಸಿದವರು ಬಹುಪಾಲು ತೂಕ ಹೆಚ್ಚಿದ್ದವರು. ಇದನ್ನು ಮಕ್ಕಳಿಂದಲೇ ಹೇಳಿಸಬೇಕು.

ಎರಡನೆಯದು ಅದಕ್ಕೆ ತೂಕದ ಕಲ್ಲು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಮಿನೆಸೋಟದಲ್ಲಿ 36 ಆರೋಗ್ಯವಂತ ಯುವಕರನ್ನು, ಅವರ ಒಪ್ಪಿಗೆಯಿಂದಲೇ, ಆರು ತಿಂಗಳು ಅರೆಹೊಟ್ಟೆಯಲ್ಲಿರಿಸಿದರು. ಅವರ ತೂಕ ಕಾಲುಭಾಗದಷ್ಟು ಇಳಿಯಿತು. ಹಗಲೂ ರಾತ್ರಿ ಊಟದ್ದೇ ಯೋಚನೆ, ಮಂಕು, ಸಿಡುಕು. ಮನಸ್ಸು ಒಂದೆಡೆ ನಿಲ್ಲುವುದಿಲ್ಲ ಎಂದು ಅವರೇ ದೂರಿದರು. ತರಗತಿ ಆ ದಿನ ಮೌನವಾಗಿದ್ದದ್ದು ಇದೊಂದು ಕಡೆ.

ಸಹ ಪ್ರಶಿಕ್ಷಣಾರ್ಥಿಗಳಿಗೆ ಒಂದು ಮಾತು. ಆಹಾರದ ಪಾಠವೆಂದರೆ ‘ನಿನ್ನೆ ಏನು ತಿಂದಿರಿ, ಪಟ್ಟಿ ಮಾಡಿ’ ಎಂಬ ಚಟುವಟಿಕೆ ನಮ್ಮ ಪಾಠ ಯೋಜನೆಗಳಲ್ಲಿ ರೂಢಿ. ಈ ಪಾಠದಲ್ಲಿ ಅದನ್ನು ನಾನು ಬೇಕೆಂದೇ ಕೈಬಿಟ್ಟೆ. ರಾತ್ರಿ ಮನೆಯಲ್ಲಿ ಒಲೆ ಉರಿಯದ ಮಗು ಎದ್ದುನಿಂತು ಏನೆಂದು ಓದಬೇಕು? ಕೋತಿಯ ತಟ್ಟೆ, ಅಜ್ಜಿಯ ಒಪ್ಪತ್ತು ಇಟ್ಟುಕೊಂಡರೆ ಲೆಕ್ಕವೂ ಆಗುತ್ತದೆ, ಯಾರ ಮುಖವೂ ಬಾಡುವುದಿಲ್ಲ.

ಮೌಲ್ಯಮಾಪನಕ್ಕೆ ಕೊಟ್ಟದ್ದು ಒಂದೇ ಪ್ರಶ್ನೆ: ‘ಕಡಿಮೆ ತಿಂದರೆ ನೆನಪು ಹೆಚ್ಚು ಎಂದು ಪತ್ರಿಕೆಯಲ್ಲಿ ಬಂದಿದೆ. ವರದಿಗಾರರಿಗೆ ಮೂರು ಪ್ರಶ್ನೆ ಬರೆಯಿರಿ.’ ಯಾರು ತಿಂದರು, ಅವರ ವಯಸ್ಸೆಷ್ಟು ಎಂಬುದನ್ನು ಬಹಳ ಮಂದಿ ಬರೆದರು. ಎಷ್ಟು ದಿನ ಎಂಬುದನ್ನು ಕೆಲವರು. ಒಬ್ಬ ಹುಡುಗಿಯ ಮೂರನೆಯ ಪ್ರಶ್ನೆ ಹೀಗಿತ್ತು: ‘ಅದಕ್ಕೂ ಮೊದಲು ಅವರು ಎಷ್ಟು ತಿನ್ನುತ್ತಿದ್ದರು?’