ಜರ್ಮನ್ ಮರೆತ ದಳಪತಿ

ಯೂಜೆಫ್ ಉನ್‌ರುಗ್ ಹುಟ್ಟಿದ್ದು 1884ರಲ್ಲಿ, ಜರ್ಮನಿಯ ಬ್ರಾಂಡೆನ್‌ಬುರ್ಗ್ ಪಟ್ಟಣದಲ್ಲಿ. ತಂದೆ ಪ್ರಷ್ಯದ ಸೇನಾಪತಿ. ಮೊದಲ ಮಹಾಯುದ್ಧದಲ್ಲಿ ಇವರೂ ಜರ್ಮನಿಯ ಜಲಾಂತರ್ಗಾಮಿ ನಡೆಸಿದವರೇ. ಆದರೆ ಮನೆತನಕ್ಕೆ ಪೋಲೆಂಡಿನ ನಂಟೂ ಇದ್ದಿತು. ಆಗತಾನೆ ಸ್ವತಂತ್ರವಾದ ಆ ದೇಶದ ಸೇವೆಗೆ 1919ರಲ್ಲಿ ಸೇರಿ, ಮುಂದೆ ಅದರ ನೌಕಾದಳದ ದಳಪತಿಯಾದರು.

1939ರ ಸೆಪ್ಟೆಂಬರ್ 1ರಂದು ಜರ್ಮನಿ ದಂಡೆತ್ತಿ ಬಂದಿತು. ಹೆಲ್ ಪರ್ಯಾಯದ್ವೀಪದಲ್ಲಿ ಒಂದು ತಿಂಗಳು ಕಾದಾಡಿ ಉನ್‌ರುಗ್ ಸೆರೆಯಾದರು. ಜರ್ಮನ್ ಸೈನ್ಯದಲ್ಲಿದ್ದ ಬಂಧುಗಳು ಸೆರೆಶಿಬಿರಕ್ಕೇ ಬಂದು ತಮ್ಮ ಕಡೆಗೆ ಕರೆದರು. ಸ್ವಂತ ಬಂಧುಗಳೊಡನೆ ಮಾತಾಡಲು ಇವರು ದುಭಾಷಿಯನ್ನು ಕೇಳಿದರು! ಸೆಪ್ಟೆಂಬರ್ 1ರಂದೇ ಜರ್ಮನ್ ಮರೆತುಹೋಯಿತೆಂದರಂತೆ. ಹುಟ್ಟಿದ ನಾಡಿನ ನುಡಿಯನ್ನು ಯಾರಾದರೂ ಮರೆತಾರೆಯೇ? ಅವರಾಡುವ ಪೋಲಿಷ್‌ನಲ್ಲಿಯೇ ಜರ್ಮನ್ ಉಚ್ಚಾರ ಕೇಳುತ್ತಿದ್ದಿತು.

ಯುದ್ಧಾನಂತರ ಕಮ್ಯುನಿಸ್ಟ್ ಪೋಲೆಂಡಿಗೆ ಅವರು ಮರಳಲಿಲ್ಲ. 1973ರಲ್ಲಿ ಫ್ರಾನ್ಸಿನಲ್ಲಿ ತೀರಿಕೊಂಡರು. ಅವರ ಅಸ್ಥಿ ಪೋಲೆಂಡಿನ ಗ್ಡಿನ್ಯಾ ಬಂದರನ್ನು ಸೇರಿದ್ದು 2018ರಲ್ಲಿ.