ಲೂಪಸ್ ರೋಗಿಯ ಶ್ವಾಸಕೋಶ: ಸೋಂಕೋ, ಕಾಯಿಲೆಯ ಉಲ್ಬಣವೋ?

ಲೂಪಸ್ ಎಂದರೆ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಅಂಗಗಳ ಮೇಲೆ ತಿರುಗಿಬೀಳುವ ಕಾಯಿಲೆ. ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿ ಮಹಿಳೆಯರು. ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್, ಸೈಕ್ಲೋಫಾಸ್ಫಮೈಡ್ ಎಂಬ ಔಷಧ ಅದನ್ನು ಹತೋಟಿಗೆ ತರುತ್ತವೆ, ಜೊತೆಗೆ ರೋಗನಿರೋಧಕ ಶಕ್ತಿಯನ್ನೂ ಕುಗ್ಗಿಸುತ್ತವೆ. ಆಗ ನುಗ್ಗುವುದೇ ಅವಕಾಶವಾದಿ ಸೋಂಕು.

ಠಾಣೆ ಜಿಲ್ಲೆಯ ಮುಂಬ್ರಾದಂಥ ಒತ್ತೊತ್ತು ಮನೆಗಳ ಊರಿನಲ್ಲಿ ಇಂಥವರಿಗೆ ಜ್ವರ, ಕೆಮ್ಮು ಬಂದರೆ ಮೊದಲ ಶಂಕೆ ಕ್ಷಯದ್ದು. ಇಲ್ಲಿ ತಪ್ಪಿದರೆ ಜೀವಕ್ಕೇ ಕುತ್ತು: ಲೂಪಸ್‌ನ ಉಲ್ಬಣವೆಂದು ಸ್ಟೀರಾಯ್ಡ್ ಏರಿಸಿದರೆ ಸೋಂಕು ಹಬ್ಬುತ್ತದೆ. ರಕ್ತದಲ್ಲಿ ಉರಿಯೂತದ ಸೂಚಕವಾದ ಸಿಆರ್‌ಪಿ ಬಹಳ ಏರಿದ್ದರೆ ಸೋಂಕಿನ ಕಡೆಗೆ, ಪೂರಕ ಪ್ರೋಟೀನ್‌ಗಳಾದ ಸಿ3, ಸಿ4 ಇಳಿದಿದ್ದರೆ ಉಲ್ಬಣದ ಕಡೆಗೆ ಒಲವು. ಎರಡೂ ಒಟ್ಟಿಗೇ ಇರಲೂಬಹುದು.

ಕ್ಷಯದ ಪತ್ತೆಗೆ ಬೆಳಿಗ್ಗೆ ಎದ್ದ ಕೂಡಲೇ ಡಬ್ಬಿಗೆ ಉಗುಳಿದ ಗಟ್ಟಿ ಕಫ ಬೇಕು, ಬರೀ ಎಂಜಲಲ್ಲ. ಅದನ್ನು ಪರೀಕ್ಷಿಸುವ ಟ್ರೂನ್ಯಾಟ್ ಬ್ಯಾಟರಿಯಲ್ಲೂ ನಡೆಯುವ ಭಾರತೀಯ ಯಂತ್ರ. ವಿಶ್ವ ಆರೋಗ್ಯ ಸಂಸ್ಥೆಯ ಅನುಮೋದನೆ 2020ರಲ್ಲಿ. ಸ್ಟೀರಾಯ್ಡ್ ಸೇವಿಸುವವರಲ್ಲಿ ಮಾಂಟೂ ಎಂಬ ಚರ್ಮದ ಪರೀಕ್ಷೆ ನೆಗೆಟಿವ್ ಬಂದರೂ ಕ್ಷಯವಿಲ್ಲ ಎನ್ನಲಾಗದು.

ಇಂಥವರ ಶ್ವಾಸಕೋಶಕ್ಕೆ ನುಗ್ಗುವ ಇನ್ನೊಂದು ಅವಕಾಶವಾದಿ ಸೋಂಕು ನ್ಯುಮೋಸಿಸ್ಟಿಸ್ ಜಿರೋವೆಸಿಯದು. ಅದು ಶಿಲೀಂಧ್ರ, ಪ್ರೋಟೋಜೋವಾ ಅಲ್ಲ. ಆರಂಭದಲ್ಲಿ ಎಕ್ಸ್‌ರೇ ಸಹಜವಾಗಿಯೇ ಕಾಣಬಹುದು, ಎಚ್‌ಆರ್‌ಸಿಟಿ ಸ್ಕ್ಯಾನ್‌ನಲ್ಲಿ ಉಜ್ಜಿದ ಗಾಜಿನಂಥ ಮಬ್ಬು ಸಿಗುತ್ತದೆ. ಸಾಮಾನ್ಯ ಕಲ್ಚರ್‌ನಲ್ಲಿ ಈ ಶಿಲೀಂಧ್ರ ಬೆಳೆಯದು. ಬ್ರಾಂಕೋಸ್ಕೋಪಿಯಲ್ಲಿ ಶ್ವಾಸಕೋಶ ತೊಳೆದ ದ್ರವಕ್ಕೆ ಪಿಸಿಆರ್ ಮಾಡಬೇಕು. ಆಸ್ಪರ್ಜಿಲಸ್ ಎಂಬ ಇನ್ನೊಂದು ಶಿಲೀಂಧ್ರದ ಶಂಕೆಯಿದ್ದರೆ ಅದೇ ದ್ರವದಲ್ಲಿ ಗ್ಯಾಲಕ್ಟೋಮನ್ನನ್ ಪರೀಕ್ಷೆ.